ಸರಪಳಿಯೋ, ತಂತಿ ಹಗ್ಗವೋ? ದಿಮ್ಮಿ ಎಳೆಯುವ ಕುಣಿಕೆಗೆ ಸಾಲ ಕೊಡುವ ಮುನ್ನ

(ಬಿಳೇಕಹಳ್ಳಿಯ ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಸಿಸ್ಟರ್ ಆಡಿದ ಮಾತುಗಳ ಬರಹರೂಪ)



ಇವತ್ತಿನ ವಿಷಯ ಕೇಳಿ ಕೆಲವರು ಮುಸಿಮುಸಿ ನಗ್ತಾ ಇದ್ದೀರಿ. ಫಿನಾಯಿಲ್, ಉಪ್ಪಿನಕಾಯಿ, ಹೊಲಿಗೆ ಮೆಷಿನ್ನು ಅಂತ ಹೇಳುತ್ತಿದ್ದ ಸಿಸ್ಟರು ಈಗ ಮರದ ದಿಮ್ಮಿ ಎಳೆಯೋ ಸರಪಳಿ ಬಗ್ಗೆ ಮಾತಾಡ್ತಾರಂತೆ ಅಂತ. ಕಾರಣ ಇದೆ. ಈಚೆಗೆ ಮೂರು ಸಂಘಗಳ ನಿರ್ಣಯ ಪುಸ್ತಕ ನೋಡಿದೆ. ಮೂರರಲ್ಲೂ ಒಂದೇ ಥರದ ಅರ್ಜಿ. "ಯಜಮಾನರಿಗೆ ಮರ ಎಳೆಯುವ ಸಾಮಾನು ತೆಗೆಯಲು ಸಾಲ." ಒಂದು ಕಡೆ ಎಂಟು ಸಾವಿರ, ಇನ್ನೊಂದು ಕಡೆ ಹನ್ನೆರಡು ಸಾವಿರ. ಏನು ಸಾಮಾನು ಅಂತ ಕೇಳಿದರೆ ಅರ್ಜಿ ಹಾಕಿದವರಿಗೂ ಗೊತ್ತಿಲ್ಲ, ಸಹಿ ಮಾಡಿದವರಿಗೂ ಗೊತ್ತಿಲ್ಲ. ಹಸು ತೆಗೆಯೋಕೆ ಸಾಲ ಕೇಳಿದರೆ ಹಲ್ಲು ನೋಡ್ತೀರಿ, ಎಷ್ಟನೇ ಸೂಲು ಅಂತ ಕೇಳ್ತೀರಿ, ಹಾಲು ಎಷ್ಟು ಕೊಡುತ್ತೆ ಅಂತ ಅಕ್ಕಪಕ್ಕ ವಿಚಾರಿಸ್ತೀರಿ. ಇದಕ್ಕೂ ಹಾಗೆ ಕೇಳಬೇಕಲ್ವಾ?

ಬನ್ನೇರುಘಟ್ಟ ರಸ್ತೆಯ ಈ ಭಾಗದಲ್ಲಿ ಮರದ ಕೆಲಸಕ್ಕೆ ಬರ ಇಲ್ಲ. ಮೆಟ್ರೊಗಾಗಿ ರಸ್ತೆ ಬದಿಯ ಮರಗಳು ಹೋದದ್ದನ್ನು ನೀವೇ ಕಣ್ಣಾರೆ ಕಂಡಿದ್ದೀರಿ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಮಳೆ ಬಂದರೆ ಗುಲ್‌ಮೊಹರ್ ಒಂದು ಕಡೆ, ಮಳೆಮರ ಇನ್ನೊಂದು ಕಡೆ ಉರುಳುತ್ತೆ. ಹಳೇ ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುವಾಗ ಹಿತ್ತಲಿನ ಮಾವು, ಹಲಸು, ಸಿಲ್ವರ್ ಓಕ್ ಕಡೀತಾರೆ. ಜಿಗಣಿ, ಆನೇಕಲ್ ಕಡೆ ಹೋದರೆ ನೀಲಗಿರಿ ತೋಪು. ನಮ್ಮ ಸಂಘಗಳ ಎಷ್ಟೋ ಮನೆಯ ಗಂಡಸರು ಮೇಸ್ತ್ರಿ ಕರೆದ ಕಡೆ ಹೋಗಿ ಕಡಿಯೋದು, ಎಳೆಯೋದು, ಲಾರಿಗೆ ಏರಿಸೋದು ಮಾಡ್ತಾರೆ. ಸ್ವಂತ ಸಾಮಾನು ಇದ್ದರೆ ಕೂಲಿಯ ಮೇಲೆ ಸಾಮಾನಿನ ಬಾಡಿಗೆಯೂ ಸಿಗುತ್ತೆ. ಅದಕ್ಕೇ ಸಾಲ ಕೇಳ್ತಾರೆ. ಕೇಳೋದು ತಪ್ಪಲ್ಲ.

ಕಡಿಯುವ ವಿಷಯಕ್ಕೆ ಒಂದೇ ಮಾತು ಹೇಳಿ ಮುಂದೆ ಹೋಗ್ತೀನಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಸ್ವಂತ ಜಾಗದ ಮರವಾದರೂ ಕಡಿಯುವ ಮುಂಚೆ ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತೆ. ಕೆಲವು ಜಾತಿಗೆ ವಿನಾಯಿತಿ ಉಂಟು. ಅನುಮತಿ ಪತ್ರ ಇದೆಯಾ ಅಂತ ಕೇಳಿಯೇ ನಿಮ್ಮವರು ಕೊಡಲಿ ಹಿಡಿಯಲಿ. ಸಿಕ್ಕಿಬಿದ್ದರೆ ಮಾಲೀಕರು ಕಾಣಲ್ಲ, ಕೂಲಿಯವನೇ ಕಾಣ್ತಾನೆ.

ಈಗ ಕುಣಿಕೆಗೆ ಬರೋಣ. ದಿಮ್ಮಿಯನ್ನು ನೆಲದ ಮೇಲೆ ಎಳೆಯಬೇಕಾದರೆ ಅದರ ಒಂದು ತುದಿಗೆ ಉರುಲಿನ ಥರ ಒಂದು ಕುಣಿಕೆ ಹಾಕ್ತಾರೆ. ಎಳೆದಷ್ಟೂ ಬಿಗಿಯುತ್ತೆ, ಬಿಟ್ಟರೆ ಸಡಿಲ ಆಗುತ್ತೆ. ಇದು ಹೊಸದೇನಲ್ಲ. ಮೊದಲು ದಾಂಡೇಲಿಯಲ್ಲಿ, ಕೊಡಗಿನಲ್ಲಿ, ಕಾಕನಕೋಟೆ ಕಡೆ ಕಾಡಿನ ಮರ ಎಳೆಯುತ್ತಿದ್ದದ್ದು ಆನೆಗಳು. ಕುಶಾಲನಗರದ ಹತ್ತಿರ ದುಬಾರೆಗೆ ಪ್ರವಾಸ ಹೋದವರು ನೋಡಿರ್ತೀರಿ, ಅಲ್ಲಿನ ಸಾಕಾನೆಗಳು ಒಂದು ಕಾಲದಲ್ಲಿ ಅದೇ ಕೆಲಸ ಮಾಡ್ತಿದ್ದವು. ಅಲ್ಲೆಲ್ಲ ಎಳೆಯೋಕೆ ಬಳಸಿದ್ದು ಸರಪಳಿ. ಇವತ್ತು ಆನೆಯ ಜಾಗಕ್ಕೆ ಟ್ರ್ಯಾಕ್ಟರು, ಜೆಸಿಬಿ ಬಂದಿವೆ. ಎಳೆಯೋಕೆ ಸರಪಳಿಯೂ ಇದೆ, ತಂತಿ ಹಗ್ಗವೂ ಇದೆ. ತಂತಿ ಹಗ್ಗ ಅಂದರೆ ನಮ್ಮವರು ವಯರ್ ರೋಪು ಅಂತಾರಲ್ಲ, ಲಿಫ್ಟಿನಲ್ಲಿ, ಕ್ರೇನಿನಲ್ಲಿ ಇರುತ್ತೆ, ಅದೇ.

ತಂತಿ ಹಗ್ಗ ಹೇಗಿರುತ್ತೆ ಅಂತ ತಿಳೀಬೇಕಾದರೆ ನಿಮ್ಮ ಜಡೆ ನೆನೆಸಿಕೊಳ್ಳಿ. ಜಡೆಗೆ ಮೂರು ಕಾಲು, ಇದಕ್ಕೆ ಸಾಮಾನ್ಯವಾಗಿ ಆರು ಹುರಿ. ಒಂದೊಂದು ಹುರಿಯಲ್ಲಿ 19 ಅಥವಾ 37 ಉಕ್ಕಿನ ಎಳೆ. ಅಂದರೆ ಒಟ್ಟು 114 ಎಳೆ ಇಲ್ಲವೇ 222 ಎಳೆ. ನಡುವೆ ನಾರಿನದೋ ಉಕ್ಕಿನದೋ ಒಂದು ತಿರುಳು. 37ರ ಹಗ್ಗದಲ್ಲಿ ಎಳೆಗಳು ಸಣ್ಣ, ಚೆನ್ನಾಗಿ ಬಳುಕುತ್ತೆ. 19ರ ಹಗ್ಗದಲ್ಲಿ ಎಳೆ ದಪ್ಪ, ಬಳುಕೋದು ಕಡಿಮೆ, ಆದರೆ ನೆಲಕ್ಕೆ ಉಜ್ಜಿದರೆ ಬೇಗ ಸವೆಯಲ್ಲ.

ತೂಕದಲ್ಲಿ ತಂತಿ ಹಗ್ಗ ಗೆಲ್ಲುತ್ತೆ. 12 ಮಿಲಿಮೀಟರ್ ದಪ್ಪದ ಒಳ್ಳೆಯ ಹಗ್ಗ ಹರಿಯೋದು ಎಂಟು ಟನ್ನಿನ ಆಸುಪಾಸಿನಲ್ಲಿ. ಮೀಟರಿಗೆ ಸುಮಾರು ಅರ್ಧ ಕೆ.ಜಿ. ತೂಕ ಅಷ್ಟೇ. ಅದೇ ಬಲದ 8 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 1.4 ಕೆ.ಜಿ. ತೂಗುತ್ತೆ. 20 ಮೀಟರ್ ಹೆಗಲ ಮೇಲೆ ಹೊತ್ತು ನಡೆಯೋನಿಗೆ ಗೊತ್ತು 10 ಕೆ.ಜಿ.ಗೂ 28 ಕೆ.ಜಿ.ಗೂ ಇರುವ ವ್ಯತ್ಯಾಸ. ಇನ್ನೊಂದು ಅನುಕೂಲ, ತಂತಿ ಹಗ್ಗ ಸೆಟೆದು ನಿಲ್ಲುತ್ತೆ. ನೆಲಕ್ಕೆ ಅಂಟಿಕೊಂಡಿರುವ ದಿಮ್ಮಿಯ ಅಡಿಯಿಂದ ಕಡ್ಡಿ ತೂರಿಸಿದ ಹಾಗೆ ತೂರಿಸಬಹುದು. ಸರಪಳಿ ಹಾಗೆ ಹೋಗಲ್ಲ. ಹಾರೆಯಿಂದ ಸ್ವಲ್ಪ ಮಣ್ಣು ಕೆದಕಬೇಕು, ಕೊಕ್ಕೆ ಇರುವ ಕಂಬಿ ತೂರಿಸಿ ಆ ಕಡೆಯಿಂದ ಎಳ್ಕೋಬೇಕು.

ಹಾಗಾದರೆ ತಂತಿ ಹಗ್ಗವೇ ಒಳ್ಳೇದು ಅಂತ ಆಯ್ತಲ್ಲ ಸಿಸ್ಟರ್ ಅಂತೀರಿ. ತಡೀರಿ.

ತಂತಿ ಹಗ್ಗಕ್ಕೆ ಒಂದು ಕೆಟ್ಟ ಗುಣ. ಒಂದು ಸಲ ಚೂಪಾಗಿ ಮಡಿಸಿಕೊಂಡು ಗಂಟಿನ ಹಾಗೆ ಆದರೆ ಆ ಜಾಗ ಮತ್ತೆ ಸರಿಹೋಗಲ್ಲ. ಸುತ್ತಿಗೆಯಿಂದ ತಟ್ಟಿ ನೇರ ಮಾಡಿದರೂ ಒಳಗಿನ ಎಳೆಗಳು ಸೋತಿರ್ತವೆ. ಕುಣಿಕೆ ಅಂದಮೇಲೆ ಹಗ್ಗ ತನ್ನ ಮೇಲೇ ತಾನು ಮಡಿಸಿಕೊಂಡು ಬಿಗಿಯಬೇಕು, ದಿನಾ ಅದೇ ಜಾಗ. ಹಾಗಾಗಿ ಹಗ್ಗದ ಉಳಿದ ಭಾಗ ಹೊಸದರ ಹಾಗೆ ಕಂಡರೂ ಕುಣಿಕೆಯ ಭಾಗ ಮೊದಲು ಹೋಗುತ್ತೆ. ಎಳೆ ಒಂದೊಂದೇ ಮುರಿದು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತೆ. ಬರಿಗೈಯಲ್ಲಿ ಸವರಿದರೆ ಅಂಗೈ ಹರೀತದೆ. ನಿಮ್ಮ ಯಜಮಾನರ ಅಂಗೈಯಲ್ಲಿ ಸಣ್ಣ ಸಣ್ಣ ಚುಚ್ಚುಗಾಯ ಇದ್ದರೆ ಯಾವ ಹಗ್ಗ ಹಿಡೀತಾರೆ ಅಂತ ಕೇಳಿ. ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ಅಂತಲೂ ಕೇಳಿ. ಚರ್ಮದ ಗ್ಲೌಸು ಸಾಲದ ಪಟ್ಟಿಯಲ್ಲಿ ಇರಲೇಬೇಕು. ಅದಕ್ಕೆ ದುಡ್ಡು ದಂಡ ಅನ್ನುವ ಗಂಡಸರಿಗೆ ಸೂಜಿ ಚುಚ್ಚಿಸಿಕೊಳ್ಳೋಕೂ ಭಯ, ಅದು ನಿಮಗೂ ಗೊತ್ತು.

ಆದರೆ ಎಳೆ ಮುರಿಯೋದು ಒಂದು ಥರ ಎಚ್ಚರಿಕೆಯೂ ಹೌದು. ನೂರಕ್ಕಿಂತ ಹೆಚ್ಚು ಎಳೆ ಇರೋದರಿಂದ ಹಗ್ಗ ಸಾಮಾನ್ಯವಾಗಿ ಹೇಳಿಕೊಂಡೇ ಸಾಯುತ್ತೆ. ನೋಡುವವರು ಬೇಕು ಅಷ್ಟೆ. ಒಂದು ಹುರಿ ಹಗ್ಗದ ಸುತ್ತ ಪೂರ್ತಿ ಒಂದು ಸುತ್ತು ಬರುವ ಉದ್ದ ನೋಡಿ. 12 ಮಿಲಿಮೀಟರ್ ಹಗ್ಗದಲ್ಲಿ ಅದು ಸುಮಾರು ಮೂರು ಇಂಚು. ಅಷ್ಟು ಉದ್ದದೊಳಗೆ ಎಲ್ಲ ಹುರಿ ಸೇರಿ ಹತ್ತು ಎಳೆ ಮುರಿದಿದ್ದರೆ, ಅಥವಾ ಒಂದೇ ಹುರಿಯಲ್ಲಿ ಐದು ಮುರಿದಿದ್ದರೆ, ಆ ಹಗ್ಗದ ಕೆಲಸ ಮುಗೀತು. ಇದನ್ನು ನೀವೇ ನೋಡಬಹುದು. ಹಳೇ ಕಾಟನ್ ಸೀರೆ ತುಂಡು ಹಿಡಿದು ಹಗ್ಗದ ಮೇಲೆ ಜಾರಿಸಿ, ಮುರಿದ ಎಳೆ ಇದ್ದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತೆ. ಕಾಣದೇ ಇರೋದು ಒಳಗಿನ ತುಕ್ಕು. ಮಳೆಯಲ್ಲಿ ನೆನೆಸಿ ಮೂಲೆಗೆ ಎಸೆದ ಹಗ್ಗ ಮೇಲೆ ಚೆನ್ನಾಗಿ ಕಂಡು ತಿರುಳಿನಲ್ಲಿ ಕೊಳೆತಿರಬಹುದು. ಒರೆಸಿ, ಗ್ರೀಸು ಹಚ್ಚಿ, ನೆಲ ಬಿಟ್ಟು ಮೇಲೆ ನೇತು ಹಾಕಬೇಕು.

ಸರಪಳಿ ಈ ವಿಷಯದಲ್ಲಿ ಬೇರೆ ಸ್ವಭಾವದ್ದು. ಕಲ್ಲಿಗೆ ಉಜ್ಜಿದರೂ ತಡ್ಕೊಳ್ಳುತ್ತೆ, ಹೇಗೆ ಮಡಚಿದರೂ ಕೆಡಲ್ಲ, ತೊಗಟೆಯನ್ನು ಕಚ್ಚಿ ಹಿಡಿಯುತ್ತೆ, ಹಾಗಾಗಿ ಜಾರೋದು ಕಡಿಮೆ. ಉದ್ದ ಬೇಕಾದಷ್ಟು ಮಾಡಿಕೊಳ್ಳಬಹುದು. ಅದಕ್ಕೇ ಅಂತ ಇರುವ ಬಿಗಿ ಹುಕ್ಕನ್ನು ಯಾವ ಕೊಂಡಿಗಾದರೂ ಸಿಕ್ಕಿಸಿದರೆ ಅಲ್ಲೇ ನಿಲ್ಲುತ್ತೆ. ನಮ್ಮ ಕಡೆಯ ಕಲ್ಲುಮಣ್ಣಿನ ನೆಲಕ್ಕೆ, ಒಡೆದ ಕಾಂಕ್ರೀಟು ಬಿದ್ದಿರುವ ಸೈಟಿಗೆ ಇದು ದೊಡ್ಡ ಅನುಕೂಲ. ಆದರೆ ಸರಪಳಿಗೆ ನೂರು ಎಳೆ ಇಲ್ಲ. ಒಂದು ಕೊಂಡಿ ಹೋಯ್ತು ಅಂದರೆ ಪೂರ್ತಿ ಹೋಯ್ತು, ಎಷ್ಟೋ ಸಲ ಮುನ್ಸೂಚನೆಯೇ ಇರಲ್ಲ. (ಈಗ ಸಿಸ್ಟರ್ ಸಂಘದ ಒಗ್ಗಟ್ಟಿನ ಪಾಠ ಶುರು ಮಾಡ್ತಾರೆ ಅಂದ್ಕೋಬೇಡಿ. ಅದು ಬೇರೆ ದಿನ.)

ಸರಪಳಿಯಲ್ಲಿ ಮೋಸ ಹೋಗೋದು ಕೊಳ್ಳುವಾಗ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಮಾರುವ ಸಾದಾ ಸರಪಳಿ ಗೇಟಿಗೆ ಬೀಗ ಹಾಕೋಕೆ, ನಾಯಿ ಕಟ್ಟೋಕೆ ಸರಿ. ಭಾರಕ್ಕೆ ಅಂತ ಮಾಡಿದ ಗಟ್ಟಿ ಉಕ್ಕಿನ ಸರಪಳಿಗೆ ಗ್ರೇಡ್ 80 ಅಂತಾರೆ. ಅದರ ಕೊಂಡಿಗಳ ಮೇಲೆ ಅಲ್ಲಲ್ಲಿ 8 ಅಂತಲೋ, 80 ಅಂತಲೋ, ಟಿ ಅಂತಲೋ ಅಚ್ಚು ಒತ್ತಿರುತ್ತಾರೆ. 8 ಮಿಲಿಮೀಟರಿನ ಗ್ರೇಡ್ 80 ಸರಪಳಿಗೆ ನೇರವಾಗಿ ಹಾಕಬಹುದಾದ ಭಾರ 2 ಟನ್. ಮುರಿಯೋದು 8 ಟನ್ನಿಗೆ, ಹಾಕೋದು ಅದರ ಕಾಲು ಭಾಗ ಮಾತ್ರ. ತಂತಿ ಹಗ್ಗಕ್ಕಾದರೆ ಐದನೇ ಒಂದು ಭಾಗ. ಕುಣಿಕೆ ಮಾಡಿದಾಗ ಎರಡಕ್ಕೂ ಇನ್ನೊಂದು ಐದನೇ ಭಾಗದಷ್ಟು ಕಳೀಬೇಕು, ಹಗ್ಗಕ್ಕೆ ಕಾಲು ಭಾಗವೇ ಕಳೆದರೆ ಇನ್ನೂ ಕ್ಷೇಮ. ಅಚ್ಚು ಇಲ್ಲದ ಸರಪಳಿಗೆ ಈ ಯಾವ ಲೆಕ್ಕವೂ ಇಲ್ಲ. ಎಸ್.ಜೆ.ಪಿ. ರಸ್ತೆಗೆ ಹೋದರೆ ಎರಡೂ ಸಿಗುತ್ತೆ. ಅಂಗಡಿಯವನು "ಎಲ್ಲಾ ಒಂದೇ ಅಮ್ಮ" ಅಂದರೆ ಮುಂದಿನ ಅಂಗಡಿಗೆ ನಡೀರಿ. ಅಚ್ಚು ತೋರಿಸಿ ಬಿಲ್ಲು ಕೊಡುವವನ ಹತ್ತಿರ ತಗೊಳ್ಳಿ.

ದಿಮ್ಮಿಯ ಭಾರ ಎಷ್ಟು ಅಂತ ನಮ್ಮವರು ಕಣ್ಣಂದಾಜಿನಲ್ಲಿ ಹೇಳ್ತಾರೆ. ಹಸಿ ನೀಲಗಿರಿ ಹೆಚ್ಚುಕಡಿಮೆ ನೀರಿನಷ್ಟೇ ಭಾರ ಅಂತ ಇಟ್ಟುಕೊಳ್ಳಿ. ಒಂದಡಿ ಅಡ್ಡಳತೆ, ಹತ್ತಡಿ ಉದ್ದದ ದಿಮ್ಮಿ ಸುಮಾರು 220 ಕೆ.ಜಿ. ಅಡ್ಡಳತೆ ಎರಡಡಿ ಆದರೆ? 440 ಅಂತೀರಿ. ಅಲ್ಲ. ಸುಮಾರು 900 ಕೆ.ಜಿ. ಅಡ್ಡಳತೆ ಎರಡು ಪಟ್ಟು ಆದರೆ ಭಾರ ನಾಲ್ಕು ಪಟ್ಟು. ಗಂಡಸರು ಎಡವೋದು ಇಲ್ಲೇ. "ನಿನ್ನೆ ಇದೇ ಹಗ್ಗದಲ್ಲಿ ಎಳೆದಿದ್ವಲ್ಲ" ಅಂತಾರೆ, ನಿನ್ನೆಯದು ತೆಳ್ಳಗಿತ್ತು ಅನ್ನೋದು ಮರೆತುಹೋಗಿರುತ್ತೆ. ಅದೂ ಅಲ್ಲದೆ ದಿಮ್ಮಿ ಸುಮ್ಮನೆ ಜಾರಿದರೆ ಒಂದು ಭಾರ, ಬೇರಿಗೋ ಕಲ್ಲಿಗೋ ಸಿಕ್ಕಿಕೊಂಡಾಗ ಡ್ರೈವರ್ ಹಿಂದೆ ಬಂದು ಜಗ್ಗನೆ ಎಳೆದರೆ ಬೀಳುವ ಭಾರ ಅದರ ಎಷ್ಟೋ ಪಟ್ಟು. ಹೊಸ ಸಾಮಾನೂ ಆ ಜಗ್ಗಿಗೆ ಹರಿಯುತ್ತೆ.

ನಮ್ಮದೇ ಒಂದು ಸಂಘದಲ್ಲಿ ನಡೆದದ್ದು ಹೇಳ್ತೀನಿ. ಆ ಅಕ್ಕನ ಒಪ್ಪಿಗೆ ಕೇಳಿಯೇ ಹೇಳ್ತಿದ್ದೀನಿ, ಹೆಸರು ಬೇಡ. ಹನ್ನೆರಡು ಸಾವಿರ ಸಾಲ, ನೂರಕ್ಕೆ ಎರಡು ರೂಪಾಯಿ ಬಡ್ಡಿ, ತಿಂಗಳಿಗೆ 240 ಬಡ್ಡಿಯೇ ಆಯ್ತು. ಮನೆಯವರು ಅರ್ಧ ದುಡ್ಡಿನಲ್ಲಿ ಗುಜರಿಯಿಂದ ಹಳೇ ವಯರ್ ರೋಪು ತಂದರು, ಉಳಿದರ್ಧ ಹಳೇ ಸಾಲಕ್ಕೆ ಹೋಯ್ತು. ಯಾವುದೋ ಲಿಫ್ಟಿನಿಂದಲೋ ಕ್ರೇನಿನಿಂದಲೋ "ಇನ್ನು ಬೇಡ" ಅಂತ ಬಿಚ್ಚಿ ಹಾಕಿದ ಹಗ್ಗ ಅದು. ಬಿಚ್ಚಿದ್ದೇ ಸೋತಿದೆ ಅಂತ, ನಾವು ಅದನ್ನೇ ಕೊಂಡು ತರ್ತೀವಿ! ಮೂರನೇ ವಾರ ಮಳೆಮರದ ಬೊಡ್ಡೆ ಎಳೆಯುವಾಗ ಕುಣಿಕೆಯ ಹತ್ತಿರ ಹರೀತು. ಬಿಗಿದ ಹಗ್ಗ ಹರಿದರೆ ಸುಮ್ಮನೆ ಕೆಳಗೆ ಬೀಳಲ್ಲ, ಚಾಟಿಯ ಹಾಗೆ ತಿರುಗಿ ಬರುತ್ತೆ. ಪಕ್ಕದಲ್ಲಿ ನಿಂತಿದ್ದ ಮಗನ ಕಾಲಿಗೆ ಬಡೀತು. ಮೊಣಕಾಲ ಕೆಳಗೆ ಎರಡು ಕಡೆ ಮೂಳೆ ಮುರೀತು. ಪಿಯುಸಿ ಪರೀಕ್ಷೆ ಬರೆದು ರಜೆಯಲ್ಲಿ ಅಪ್ಪನ ಜೊತೆ ಹೋಗಿದ್ದ ಹುಡುಗ. ಆಸ್ಪತ್ರೆಗೆ ಓಡಾಟ, ಅಕ್ಕನ ಮನೆಗೆಲಸಕ್ಕೂ ರಜೆ, ಐದು ತಿಂಗಳು ಕಂತು ನಿಂತಿತು. ಉಳಿದ ಹದಿನಾಲ್ಕು ಜನ ಆ ಕಂತಿಗಾಗಿ ಜಗಳ ಆಡಿದರು, ಆಮೇಲೆ ಕೂಡಿಯೇ ತುಂಬಿದರು. ಹುಡುಗ ಈಗ ನಡೀತಾನೆ, ಸ್ವಲ್ಪ ಕುಂಟುತ್ತಾನೆ. ಈ ಲೆಕ್ಕದಲ್ಲಿ ಹೊಸ ಹಗ್ಗ ದುಬಾರಿಯಾ, ಹಳೇದು ದುಬಾರಿಯಾ, ನೀವೇ ಹಾಕಿ ನೋಡಿ.

ಹಾಗಾದರೆ ಯಾವುದಕ್ಕೆ ಸಾಲ ಕೊಡೋದು? ನಾನು ದಿಮ್ಮಿ ಎಳೆದವಳಲ್ಲ. ಎಳೆಯುವವರ ಜೊತೆ ಕೂತು ಕೇಳಿ, ಓದಿ, ನನಗೆ ಸರಿ ಅನಿಸಿದ್ದು ಹೇಳ್ತೀನಿ. ಟ್ರ್ಯಾಕ್ಟರಿಗೆ ಕಟ್ಟಿ ಹತ್ತಿಪ್ಪತ್ತು ಗಜ ಎಳೆಯುವ ನಮ್ಮವರ ಕೆಲಸಕ್ಕೆ ಕುಣಿಕೆ ಸರಪಳಿಯದೇ ಇರಲಿ. ಅಚ್ಚು ಇರುವ ಸರಪಳಿ, ಹತ್ತು ಹನ್ನೆರಡು ಅಡಿ ಸಾಕು, ಒಂದು ತುದಿಗೆ ಅದೇ ಗ್ರೇಡಿನ ಹುಕ್ಕು. ದೂರದಿಂದ, ತಗ್ಗಿನಿಂದ ಎಳೆಯಬೇಕಾದಾಗ ನಡುವಿನ ಉದ್ದಕ್ಕೆ ತಂತಿ ಹಗ್ಗ ಇರಲಿ. ಉಜ್ಜುವ, ಮಡಚುವ ಕಡೆ ಸರಪಳಿ, ಹಗುರ ಬೇಕಾದ ಕಡೆ ಹಗ್ಗ. ಅಮೆರಿಕ, ಕೆನಡಾದ ದೊಡ್ಡ ಕಾಡುಗಳಲ್ಲಿ ತಂತಿ ಹಗ್ಗದ ಕುಣಿಕೆ ಬಳಸ್ತಾರೆ ನಿಜ. ಅಲ್ಲಿ ಒಬ್ಬ ಆಳು ಇಡೀ ದಿನ ಗುಡ್ಡ ಹತ್ತಿ ಇಳಿದು ಹತ್ತಾರು ದಿಮ್ಮಿಗೆ ಕುಣಿಕೆ ಹಾಕಬೇಕು, ತೂಕವೇ ದೊಡ್ಡ ಪ್ರಶ್ನೆ. ಅಲ್ಲಿಯೂ ಟ್ರ್ಯಾಕ್ಟರ್ ಇರುವ ರೈತರು ಸರಪಳಿಯನ್ನೇ ಹೆಚ್ಚು ಮೆಚ್ತಾರೆ. ಆದರೆ ಒಂದು ಮಾತು. ಅಚ್ಚಿಲ್ಲದ ಸರಪಳಿಗಿಂತ ಹೊಸ ತಂತಿ ಹಗ್ಗ ಎಷ್ಟೋ ವಾಸಿ. ದುಡ್ಡು ಸಾಲದೇ ಬಂದರೆ ಕಡಿಮೆ ಉದ್ದ ತಗೊಳ್ಳಿ, ಕಡಿಮೆ ಗುಣದ್ದು ಬೇಡ. ನೈಲಾನ್ ಹಗ್ಗದಲ್ಲಿ ಎಳೆಯೋದಂತೂ ಬೇಡವೇ ಬೇಡ, ರಬ್ಬರಿನ ಹಾಗೆ ಹಿಗ್ಗಿ ಹರಿದಾಗ ಕೊಕ್ಕೆ ಸಮೇತ ಗುಂಡಿನ ಹಾಗೆ ಬರುತ್ತೆ.

ತಂತಿ ಹಗ್ಗದ ತುದಿಗೆ ಕಣ್ಣು ಮಾಡುವಾಗ ಗಂಟು ಹಾಕಬಾರದು, ಗಂಟಿನಲ್ಲಿ ಹಗ್ಗದ ಬಲ ಅರ್ಧಕ್ಕೆ ಇಳಿಯುತ್ತೆ. ಯು ಆಕಾರದ ಬೋಲ್ಟಿನ ಕ್ಲಿಪ್ಪು ಹಾಕ್ತಾರೆ. 12 ಮಿಲಿಮೀಟರ್ ಹಗ್ಗಕ್ಕೆ ಕಡಿಮೆ ಅಂದರೆ ಮೂರು ಕ್ಲಿಪ್ಪು, ಒಂದಕ್ಕೊಂದು ಮೂರು ಇಂಚು ದೂರ. ಕ್ಲಿಪ್ಪಿನ ಅಗಲವಾದ ತಟ್ಟೆ ಭಾಗ ಭಾರ ಹೊರುವ ಉದ್ದನೆ ಹಗ್ಗದ ಮೇಲೆ ಕೂರಬೇಕು, ಯು ಬೋಲ್ಟು ಮಡಚಿದ ತುಂಡು ತುದಿಯ ಮೇಲೆ. ತಿರುವುಮುರುವು ಹಾಕಿದರೆ ಬೋಲ್ಟು ಭಾರದ ಹಗ್ಗವನ್ನೇ ಕಚ್ಚಿ ಕೆಡಿಸುತ್ತೆ. ಒಂದು ಸಲ ಎಳೆದ ಮೇಲೆ ನಟ್ಟು ಮತ್ತೆ ಬಿಗಿ ಮಾಡಬೇಕು. ಇದು ಮನೆಯಲ್ಲಿ ಕೂತೇ ನೀವು ನೋಡಿ ಹೇಳಬಹುದಾದ ವಿಷಯ.

ಸರಪಳಿಗೂ ಒಂದು ಪರೀಕ್ಷೆ ಇದೆ. ಹೊಸದು ತಂದ ದಿನವೇ ಹತ್ತು ಕೊಂಡಿಯ ಉದ್ದಕ್ಕೆ ಸರಿಯಾಗಿ ಒಂದು ಬಿದಿರು ಕಡ್ಡಿ ಕತ್ತರಿಸಿ ಇಟ್ಟುಕೊಳ್ಳಿ. 8 ಮಿಲಿಮೀಟರಿನದಾದರೆ ಸುಮಾರು ಒಂದು ಗೇಣು. ತಿಂಗಳಿಗೊಮ್ಮೆ ಬೇರೆ ಬೇರೆ ಕಡೆ ಅಳೆಯಿರಿ. ಸರಪಳಿ ಕಡ್ಡಿಗಿಂತ ಒಂದು ಸೆಂಟಿಮೀಟರ್ ಉದ್ದ ಆಗಿದ್ದರೆ ಅದು ಹಿಗ್ಗಿದೆ, ನಿಲ್ಲಿಸಿ. ಕೊಂಡಿ ತಿರುಚಿದ್ದರೆ, ಬಿರುಕಿದ್ದರೆ, ಹುಕ್ಕಿನ ಬಾಯಿ ಅಗಲ ಆಗಿದ್ದರೆ ನಿಲ್ಲಿಸಿ. ಕಡಿದ ಕೊಂಡಿಗೆ ವೆಲ್ಡಿಂಗ್ ಮಾಡಿಸೋದು, ನಟ್ಟು ಬೋಲ್ಟು ಹಾಕಿ ಜೋಡಿಸೋದು ಬೇಡ. ಬೆಂಕಿ ತಾಗಿದರೆ ಆ ಉಕ್ಕಿನ ಹದ ಹೋಗುತ್ತೆ.

ಎಳೆಯುವ ಜಾಗದ ಮಾತು ಎರಡೇ ಹೇಳ್ತೀನಿ, ಆದರೆ ಇವು ಜೀವದ ಮಾತು. ಟ್ರ್ಯಾಕ್ಟರಿನಲ್ಲಿ ಕೆಳಗಡೆ ಟ್ರೈಲರ್ ಸಿಕ್ಕಿಸುವ ಪಟ್ಟಿಗೇ ಕಟ್ಟಬೇಕು. ಹಿಂದಿನ ಆಕ್ಸೆಲ್ಲಿಗಿಂತ ಎತ್ತರದಲ್ಲಿ, ಸೀಟಿನ ಹಿಂದೆ ಎಲ್ಲೋ ಕಟ್ಟಿದರೆ, ದಿಮ್ಮಿ ಸಿಕ್ಕಿಕೊಂಡ ತಕ್ಷಣ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರೇ ಡ್ರೈವರ್ ಮೇಲೆ ಹಿಂದಕ್ಕೆ ಮಗುಚುತ್ತೆ. ಕ್ಲಚ್ಚು ಒತ್ತುವಷ್ಟು ಹೊತ್ತೂ ಸಿಗಲ್ಲ. ಇನ್ನೊಂದು, ಹಗ್ಗ ಬಿಗಿಯಾಗಿರುವಾಗ ಅದನ್ನು ದಾಟಬಾರದು, ಅದರ ಪಕ್ಕ ನಿಲ್ಲಬಾರದು. ಹಗ್ಗ ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ದೂರ ನಿಲ್ಲಲಿ. ಚಕ್ಕೆ, ಸೌದೆ ಆರಿಸೋಕೆ ಅಂತ ನಮ್ಮ ಹೆಣ್ಣುಮಕ್ಕಳು, ಕಂಕುಳಲ್ಲಿ ಮಗು ಇಟ್ಟುಕೊಂಡು, ಅಲ್ಲೇ ಸುತ್ತಾಡ್ತೀರಲ್ಲ, ನಿಮಗೇ ಹೇಳ್ತಿರೋದು. ಸೌದೆ ಎಲ್ಲೂ ಓಡಿಹೋಗಲ್ಲ. ಎಳೆದು ಮುಗಿದ ಮೇಲೆ ಆರಿಸಿ.

ಇನ್ನು ವಿಮೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ 12 ರೂಪಾಯಿಗೆ ಶುರುವಾಯಿತು, 2022ರ ಜೂನಿನಿಂದ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರು ಬ್ಯಾಂಕ್ ಅಥವಾ ಅಂಚೆ ಕಚೇರಿ ಖಾತೆಯಿಂದಲೇ ಮಾಡಿಸಬಹುದು. ಅಪಘಾತದಲ್ಲಿ ಜೀವ ಹೋದರೆ ಇಲ್ಲವೇ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ, ಒಂದು ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ. ಮೂಳೆ ಮುರಿದರೆ, ಬೆರಳು ಹೋದರೆ ಇದರಿಂದ ದುಡ್ಡು ಬರಲ್ಲ, ಅದನ್ನೂ ತಿಳಿದಿರಿ. ಖಾತೆಯಲ್ಲಿ ಮೇ ಕೊನೆಗೆ 20 ರೂಪಾಯಿ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತೆ. ಮರದ ಸಾಮಾನಿಗೆ ಸಾಲ ಕೇಳುವ ಮನೆಯವರು ಈ ವಿಮೆಯ ಚೀಟಿ ತೋರಿಸಬೇಕು ಅಂತ ಸಂಘವೇ ನಿರ್ಣಯ ಬರೆದುಕೊಂಡರೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಸಾಲದ ದುಡ್ಡನ್ನು ಕೈಗೆ ಕೊಡುವ ಬದಲು ಇಬ್ಬರು ಸದಸ್ಯರು ಅವರ ಜೊತೆ ಅಂಗಡಿಗೆ ಹೋಗಿ ಬಿಲ್ಲಿಗೇ ಕಟ್ಟಿ ಬನ್ನಿ. ಬಿಲ್ಲಿನ ನಕಲು ಸಾಲದ ಅರ್ಜಿಯ ಜೊತೆ ಪಿನ್ನು ಮಾಡಿ ಇಡಿ. ಮುಂದಿನ ತಿಂಗಳ ಸಭೆಗೆ ಮನೆಯಲ್ಲಿರುವ ಸರಪಳಿ, ವಯರ್ ರೋಪು ಏನಿದೆಯೋ ಆಟೋದಲ್ಲಿ ಹಾಕಿಕೊಂಡು ತನ್ನಿ, ಎಲ್ಲರೂ ಸೇರಿ ಒಂದೊಂದೇ ನೋಡೋಣ. ಹಳೇ ಕಾಟನ್ ಬಟ್ಟೆ, ಅಳತೆ ಟೇಪು ನಾನು ತರ್ತೀನಿ. ಗ್ಲೌಸು ನೀವು ತನ್ನಿ.